ಒಬ್ಬಳಲ್ಲಿ ಕವಡೆ, ಒಬ್ಬಳಲ್ಲಿ ಕಾಯಿ

ಮಾತು ಆಡಿದರೆ ಹೋಯಿತು, ಕವಡೆ ಹೊತ್ತೊಯ್ದರೆ ಆಟವೇ ಹೋಯಿತು. ಹಿರಿಯರು ಹೀಗೆ ಹೇಳಿಲ್ಲ. ಆದರೆ ಕೂಡ್ಲಿಗಿಯ ನಮ್ಮ ಓಣಿಯಲ್ಲಿ ನಡೆದದ್ದು ಹೀಗೇ. ಸುಳ್ಳಾದರೆ ನನ್ನ ಬಿ.ಎ. ಪದವಿ ವಾಪಸ್ ಕೊಡುತ್ತೇನೆ. ಹೇಗೂ ಅದಕ್ಕೆ ಯಾರೂ ಕೆಲಸ ಕೊಟ್ಟಿಲ್ಲ.

ನಮ್ಮ ದೊಡ್ಡವ್ವ ಗುರುಬಸಮ್ಮ ಮತ್ತು ಪಕ್ಕದ ಮನೆಯ ಜಾನಬಿ ಮಧ್ಯಾಹ್ನದ ಕೆಲಸ ಮುಗಿದರೆ ಕಟ್ಟೆಯ ಮೇಲೆ ಚೌಕಾಬಾರಕ್ಕೆ ಕೂರುವವರು. ಆಟ ಮುಗಿದ ಮೇಲೆ ಕವಡೆ ನಾಲ್ಕೂ ಜಾನಬಿಯ ಅಮೃತಾಂಜನದ ಖಾಲಿ ಶೀಸೆಗೆ. ಇಬ್ಬರ ಕಾಯಿಗಳೂ, ಅಂದರೆ ದೊಡ್ಡವ್ವನ ಹುಣಸೆ ಬೀಜ ಮತ್ತು ಜಾನಬಿಯ ಹಸಿರು ಬಳೆಚೂರು, ದೊಡ್ಡವ್ವನ ತಗಡಿನ ನಶ್ಯದ ಡಬ್ಬಿಗೆ. ಒಬ್ಬಳನ್ನು ಬಿಟ್ಟು ಇನ್ನೊಬ್ಬಳು ಬೇರೆಯವರೊಡನೆ ಆಡಬಾರದೆಂಬ ಕರಾರು ಅದು.

ಎಪ್ಪತ್ತೆಂಟರಲ್ಲಿ ಜಾನಬಿಯ ಗಂಡ ದಾವಲ್ ಸಾಬ್ ತನ್ನ ಲಾರಿ ರಿಪೇರಿಯ ಗ್ಯಾರೇಜನ್ನು ಹರಪನಹಳ್ಳಿಗೆ ಎತ್ತಿಕೊಂಡು ಹೋದ. ಸಾಮಾನಿನ ಜೊತೆ ಶೀಸೆಯೂ ಹೋಯಿತು. ದೊಡ್ಡವ್ವ ಅದನ್ನು ಕೇಳಲಿಲ್ಲ. ಕೇಳಿದ್ದರೆ ಆಟ ಮುಗಿಯಿತೆಂದು ಒಪ್ಪಿಕೊಂಡಂತೆ. ಎದುರು ಮನೆಯ ಕೆಂಚಕ್ಕ ಹೊಸ ಕವಡೆ ತಂದು ಕರೆದರೆ ಮಂಡಿನೋವು ಎಂದಳು. ಆದರೂ ದಿನಾ ಅದೇ ಹೊತ್ತಿಗೆ ಕಟ್ಟೆಗೆ ಬಂದು, ಅಳಿಸಿಹೋದ ಮನೆಗಳ ಗೆರೆಯನ್ನು ಇದ್ದಿಲಿನಿಂದ ತಿದ್ದಿ, ಬಳೆಚೂರುಗಳನ್ನು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿಡುವಳು.

ಓಣಿಯವರ ದನಿಗಳೆಲ್ಲ ನನ್ನ ಗಂಟಲಲ್ಲಿ ಬಾಡಿಗೆಗಿದ್ದ ಕಾಲ. ಒಂದು ದಿನ ಬಾಗಿಲಾಚೆ ನಿಂತು, ಜಾನಬಿಯಂತೆಯೇ ಕೆಮ್ಮಿ, ಮೂಗಿನಲ್ಲಿ ರಾಗ ಎಳೆದು, ಗುರುಬಸಕ್ಕಾ ಆಟಕ್ಕೆ ಬರ್ತೀಯೇನು ಎಂದೆ. ದೊಡ್ಡವ್ವ ಡಬ್ಬಿ ಹಿಡಿದೇ ಓಡಿಬಂದಳು. ನನ್ನನ್ನು ನೋಡಿದಳು. ಬೀದಿಯ ಎರಡೂ ತುದಿ ನೋಡಿ ಒಳಗೆ ಹೋದಳು. ಆ ಸಂಜೆ ನನ್ನೊಬ್ಬನ ರೊಟ್ಟಿಗೆ ಪಲ್ಯ ಬೀಳಲಿಲ್ಲ.

ಮರುವರ್ಷ ಜಾನಬಿ ಗುಡೇಕೋಟೆಯಲ್ಲಿ ತಂಗಿಯ ಮಗಳ ನಿಖಾ ಮುಗಿಸಿಕೊಂಡು ನಮ್ಮೂರಲ್ಲಿ ಬಸ್ಸಿಳಿದು ನಮ್ಮ ಬಾಗಿಲಿಗೆ ಬಂದಳು. ನಾನು ಕಟ್ಟೆಯ ಮೇಲಿದ್ದೆ. ಬಾಗಿಲಿಗೆ ಒಳಚಿಲಕ. ಜಾನಬಿ ಕೆಮ್ಮಿ, "ಗುರುಬಸಕ್ಕಾ" ಎಂದು ಕೂಗಿದಳು.

ಒಳಗೆ ರೊಟ್ಟಿ ಬಡಿಯುವ ಸದ್ದು ನಿಲ್ಲಲೇ ಇಲ್ಲ.

"ಹೋಗಲೇ, ಸಾಕು ಮಾಡು. ಆಕಿ ಎಲ್ಲಿ ಬರ್ತಾಳ? ಕವಡಿ ಒಯ್ದಾಕಿ ಒಂದ್ಸಲಾನೂ ಹೊಳ್ಳಿ ನೋಡಿಲ್ಲ. ಆಟದಾಗೂ ಮಳ್ಳಿನ ಆಕಿ, ಮೂರು ಬಿದ್ರ ನಾಕು ಮನಿ ನಡಸ್ತಿದ್ಲು."

ನಾನಲ್ಲ ಎನ್ನಲು ಬಾಯಿ ತೆರೆದೆ. ಜಾನಬಿ ಬೆರಳೆತ್ತಿ ತಡೆದಳು. ಮುಖ ಸಣ್ಣಗಾಗಿತ್ತು. ಕೈಚೀಲದಿಂದ ಶೀಸೆ ತೆಗೆದು ಅಲ್ಲಾಡಿಸಿದಳು. ಗಾಜಿನೊಳಗೆ ಕವಡೆ. ಆ ಸದ್ದು ನನ್ನ ಗಂಟಲಿಗೆ ಒಲಿಯುವಂಥದ್ದಲ್ಲ.

ರೊಟ್ಟಿ ಬಡಿಯುವುದು ನಿಂತಿತು. ಚಿಲಕ ಸರಿಯಿತು. ಹಿಟ್ಟಿನ ಕೈಯಲ್ಲೇ ಬಂದ ದೊಡ್ಡವ್ವ ಜಾನಬಿಯನ್ನು, ನನ್ನನ್ನು, ಮತ್ತೆ ಜಾನಬಿಯನ್ನು ನೋಡಿದಳು.

"ನಾಕಲ್ಲಕ್ಕಾ," ಎಂದಳು ಜಾನಬಿ, "ಐದು ನಡಸ್ತಿದ್ದೆ. ನಿನಗ ಗೊತ್ತ ಆಗ್ತಿರಲಿಲ್ಲ."

ಜಾನಬಿ ನಕ್ಕಳು, ನಾನು ನಕ್ಕೆ. ದೊಡ್ಡವ್ವ ನಕ್ಕ ಸದ್ದಿಗೆ ಕೆಂಚಕ್ಕ ಹೊರಗೆ ಬಂದು ನಿಂತಳು. ಹಂಚಿನ ಮೇಲೆ ರೊಟ್ಟಿ ಸೀಯುತ್ತಿತ್ತು. ನಮ್ಮ ನಗು ನಿಂತ ಮೇಲೂ ದೊಡ್ಡವ್ವ ಬಾಗಿಲಿಗೊರಗಿ ನಗುತ್ತಲೇ ಇದ್ದಳು. ಹಿಟ್ಟಿನ ಕೈಯಲ್ಲಿ ಕಣ್ಣೊರೆಸಿ ಒರೆಸಿ ಮುಖವೆಲ್ಲ ಬಿಳಿ.