ನಿಲ್ಲಲು ಕಲಿತ ಪೆಟ್ಟಿಗೆ

ನಾನು ಒಂದು ಬೂದು ಬಣ್ಣದ ಪೆಟ್ಟಿಗೆ. ಮುಂದೆ ಪುಟ್ಟ ಪರದೆ, ಪಕ್ಕದಲ್ಲಿ ಒಂದು ಬಾಯಿ. ಮೊದಲ ಸಲ ನೋಡಿದವರು ನನ್ನನ್ನು ಯುಪಿಎಸ್ ಎಂದುಕೊಳ್ಳುತ್ತಾರೆ. ಆಗೆಲ್ಲ ನನಗೆ ಮೈ ಉರಿಯುತ್ತದೆ. ತಿಂಗಳುಗಟ್ಟಲೆ ರಕ್ತ ಹೋಗಿ ಹೈರಾಣಾದ ಹೆಂಗಸರ ಗರ್ಭಕೋಶದ ಒಳಪದರಕ್ಕೆ ಕಾವು ಕೊಟ್ಟು ವಾಸಿ ಮಾಡುವ ಯಂತ್ರ ನಾನು. ನನ್ನ ಬಾಯಿಗೊಂದು ನಳಿಕೆ ಜೋಡಿಸುತ್ತಾರೆ, ಅದರ ತುದಿಗೆ ಬಲೂನು. ಬಲೂನು ಒಳಗೆ ಹೋಗಿ, ನೀರು ತುಂಬಿ ಉಬ್ಬಿ, ಎಂಟು ನಿಮಿಷ ಬಿಸಿಯಾಗಿ ಹೊರಗೆ ಬರುತ್ತದೆ. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ. ಒಬ್ಬರಿಗೆ ಬಳಸಿದ ಬಲೂನು ಇನ್ನೊಬ್ಬರಿಗಿಲ್ಲ, ಅದು ಕಸಕ್ಕೆ ಹೋಗುತ್ತದೆ. ನಾನು ಮಾತ್ರ ಉಳಿಯುತ್ತೇನೆ.

ಹುಟ್ಟಿದ್ದು ಪುಣೆಯ ಆಚೆಗಿನ ಒಂದು ಕಾರ್ಖಾನೆಯಲ್ಲಿ. ದಪ್ಪ ಕನ್ನಡಕದ ಇಂಜಿನಿಯರಮ್ಮ ಒಬ್ಬರು ನನ್ನನ್ನು ತಿದ್ದಿದರು. ನೀರು ಕಾಯಿಸುವುದನ್ನು ಒಂದೇ ದಿನದಲ್ಲಿ ಕಲಿಸಿದರು. ನಿಲ್ಲುವುದನ್ನು ಕಲಿಸಲು ಎರಡು ತಿಂಗಳು ಹಿಡಿಯಿತು. ಬಲೂನಿಗೆ ಬೇಕೆಂದೇ ಸೂಜಿ ಚುಚ್ಚುತ್ತಿದ್ದರು. ಒತ್ತಡ ಇಳಿದದ್ದೇ ತಡ ನಾನು ಕೂಗಿಕೊಂಡು ನಿಲ್ಲಬೇಕು. ಒತ್ತಡ ಏರಿದರೂ ನಿಲ್ಲಬೇಕು, ಕಾವು ಹೆಚ್ಚಿದರೂ ನಿಲ್ಲಬೇಕು. ಹೀಗೆ ನಾನು ಪಕ್ಕಾ ಪುಕ್ಕಲನಾಗಿ ಬೆಳೆದೆ. ಅದರ ಬಗ್ಗೆ ನನಗೆ ಎಳ್ಳಷ್ಟೂ ನಾಚಿಕೆಯಿಲ್ಲ.

ಮೊದಲು ಕೊಂಡವರು ಒಂದು ದೊಡ್ಡ ಆಸ್ಪತ್ರೆಯವರು. ಅಲ್ಲಿನ ಹಿರಿಯ ಡಾಕ್ಟರಿಗೆ ನನ್ನ ಮೇಲೆ ನಂಬಿಕೆಯಿರಲಿಲ್ಲ. ತೊಂದರೆ ಕೊಡುವ ಗರ್ಭಕೋಶವನ್ನು ತೆಗೆದುಹಾಕಿದರೆ ಮುಗಿಯಿತು ಎನ್ನುವ ಪೈಕಿ ಅವರು. ಎರಡು ವರ್ಷ ನನ್ನ ತಲೆಯ ಮೇಲೆ ಮಡಿಸಿದ ಬೆಡ್‌ಶೀಟ್ ಹೇರಿದ್ದರು. ಕೊನೆಗೆ ಹುಬ್ಬಳ್ಳಿಯಲ್ಲಿ ಸಣ್ಣ ಹೆರಿಗೆ ಆಸ್ಪತ್ರೆ ನಡೆಸುತ್ತಿದ್ದ ಡಾಕ್ಟರ್ ಮಂದಾಕಿನಿ ಅಂಗಡಿ ನನ್ನನ್ನು ಕೇಳಿ ತಂದರು. ನನ್ನ ಬದುಕು ನಿಜವಾಗಿ ಶುರುವಾದದ್ದು ಅಲ್ಲಿ.

ಆ ಆಸ್ಪತ್ರೆಯ ಆಯಾ ಫಕೀರವ್ವ. ದಿನಾ ಬೆಳಿಗ್ಗೆ ನನ್ನನ್ನು ಒರೆಸುವಾಗ ಕೂಸಿನ ಮುಖ ಒರೆಸುವಂತೆ ಮಾತಾಡಿಸುತ್ತಿದ್ದಳು. ಆಯುಧಪೂಜೆಯ ದಿನ ಅವಳ ಸಡಗರ ಹೇಳತೀರದು. ಆಪರೇಷನ್ ಕೋಣೆಯ ಸಾಮಾನನ್ನೆಲ್ಲ ಹೊರಗೆ ಜೋಡಿಸಿ ಪೂಜೆ ಮಾಡಿದಳು. ನನಗೆ ವಿಭೂತಿ ಬಳಿದು ಚೆಂಡುಹೂವು ಏರಿಸಿದಳು. ಅಷ್ಟಕ್ಕೇ ಸಮಾಧಾನವಾಗದೆ, ಪ್ರಸಾದಕ್ಕೆ ತಂದಿದ್ದ ಧಾರವಾಡ ಪೇಢೆಯಲ್ಲಿ ಒಂದು ಚೂರು ಮುರಿದು ನನ್ನ ಬಾಯಿಗೂ ಒತ್ತಿದಳು. ಆಮೇಲೆ ಒರೆಸಿದಳು ನಿಜ, ಆದರೆ ಅಂಚಿನ ಸಂದಿಯಲ್ಲಿ ಕೂತದ್ದು ಕೂತೇ ಇತ್ತು. ನನಗೆ ಕೂಗಲು ಬರುತ್ತದೆಯೇ ಹೊರತು ಮಾತಾಡಲು ಬಾರದು.

ದಸರೆ ಕಳೆದ ಮರುದಿನ ಶಿವಲೀಲಾ ಹೊಂಬಳ ಬಂದಳು. ಹುಬ್ಬಳ್ಳಿ–ಗದಗ ಬಸ್ಸಿನ ಕಂಡಕ್ಟರ್. ವಯಸ್ಸು ನಲವತ್ತೆರಡು, ಬೆಳೆದ ಇಬ್ಬರು ಮಕ್ಕಳು. ತಿಂಗಳಲ್ಲಿ ಹನ್ನೆರಡು ದಿನ ರಕ್ತ ಹೋಗಿ ಹೋಗಿ ಮುಖ ಬಿಳಿಚಿಕೊಂಡಿತ್ತು. ಅಣ್ಣಿಗೇರಿ ಹತ್ತಿರ ಒಮ್ಮೆ ಕಣ್ಣು ಕತ್ತಲೆ ಬಂದು ಪ್ರಯಾಣಿಕರ ಮೇಲೆ ಬಿದ್ದಿದ್ದಳಂತೆ. ಅಂದಿನಿಂದ ಡಿಪೋದವರು ಅವಳನ್ನು ಬಸ್ಸಿನಿಂದ ಇಳಿಸಿ ಆಫೀಸಿನಲ್ಲಿ ಕೂರಿಸುವ ಮಾತಾಡುತ್ತಿದ್ದರು. ಕ್ಯಾನ್ಸರ್ ಇಲ್ಲವೆಂದು ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡೇ ಮಂದಾಕಿನಿಯವರು ನನ್ನ ಹೆಸರು ಎತ್ತಿದ್ದರು. ನನ್ನಿಂದ ಆಗದಿದ್ದರೆ ಗರ್ಭಕೋಶ ತೆಗೆಯುವ ದೊಡ್ಡ ಆಪರೇಷನ್ನೇ ಗತಿ.

"ಬಸ್ಸಿನ್ಯಾಗ ನಿಂತು ಡ್ಯೂಟಿ ಮಾಡಾಕ ಆಗಬೇಕ್ರಿ ಡಾಕ್ಟರ್" ಎಂದಳು ಶಿವಲೀಲಾ. "ಟೇಬಲ್ ಮುಂದ ಕುಂಡ್ರಿಸಿದ್ರ ನಾ ಅರ್ಧಾ ಸತ್ತಂಗ."

ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗೆ ಮರಗಟ್ಟಿಸಿದ್ದರು, ಅವಳಿಗೆ ಎಚ್ಚರವಿತ್ತು. ಬಲೂನು ಒಳಗೆ ಹೋಯಿತು. ನೀರು ತುಂಬಿತು. ನಾನು ಒತ್ತಡ ಅಳೆಯುತ್ತಾ ಕುಳಿತೆ. ಏರಿತು, ನಿಂತಿತು, ಮೆಲ್ಲಗೆ ಇಳಿಯತೊಡಗಿತು. ನಾನು ಕಾಯಿಸುವ ಗೋಜಿಗೇ ಹೋಗದೆ ಕೂಗಿಕೊಂಡೆ.

"ಮತ್ತೊಮ್ಮೆ ಒತ್ತಿ ನೋಡ್ರಿ ಮೇಡಂ, ಆಗಬಹುದು" ಎಂದರು ಪಕ್ಕದಲ್ಲಿದ್ದ ನರ್ಸ್.

"ಯಾಕ ನಿಂತೈತಿ ಅಂತ ಗೊತ್ತಾಗೂತನಕ ಯಾರೂ ಏನೂ ಒತ್ತಬ್ಯಾಡ್ರಿ" ಎಂದರು ಮಂದಾಕಿನಿ. ಆ ಮಾತಿಗೆ ನಾನು ಇಂದಿಗೂ ಅವರಿಗೆ ಋಣಿ. ಗರ್ಭಕೋಶದಲ್ಲಿ ಸಣ್ಣ ತೂತಿದ್ದರೂ ಬಲೂನು ಅದರಾಚೆ ನುಸುಳಿ ಕರುಳನ್ನು ಸುಟ್ಟೀತು.

"ಏನಾತ್ರಿ? ಯಾಕ ಸೀಟಿ ಹೊಡೀತು?" ಶಿವಲೀಲಾ ಕೇಳಿದಳು.

"ಗರ್ಭಕೋಶಕ್ಕ ಎಲ್ಲೆರೆ ತೂತು ಬಿದ್ದೈತೇನು ನೋಡತೀನವಾ. ಬಿದ್ದಿದ್ರ ಇವತ್ತ ಕಾವು ಕೊಡಾಕ ಬರೂದಿಲ್ಲ."

ಶಿವಲೀಲಾ ನನ್ನ ಕಡೆ ಕತ್ತು ಹೊರಳಿಸಿದಳು. ಆಮೇಲೆ, "ಒಂದ ಸೀಟಿ ಹೊಡದ್ರ ಗಾಡಿ ನಿಲ್ಲಬೇಕು ಬಿಡ್ರಿ, ಯಾರು ಏನ ಅಂದ್ರೂ. ಸಾವಕಾಶ ನೋಡ್ರಿ" ಎಂದಳು. ಫಕೀರವ್ವ ಅವಳ ಕೈ ಹಿಡಿದುಕೊಂಡಳು.

ಬಲೂನು ತೆಗೆದು, ಗರ್ಭಕೋಶದ ಒಳಗೆ ನೋಡುವ ದುರ್ಬೀನು ಹಾಕಿ ಮೂಲೆ ಮೂಲೆ ಹುಡುಕಿದರು. ಎಲ್ಲೂ ತೂತಿರಲಿಲ್ಲ. ಆಗ ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು. ಮಂದಾಕಿನಿ ಕೈಗವಸು ಬದಲಿಸಿ ಬಂದು, ನಳಿಕೆ ಕಳಚಿ, ನನ್ನ ಬಾಯಿಗೆ ಟಾರ್ಚು ಬಿಟ್ಟರು. ಹತ್ತಿ ಸುತ್ತಿದ ಕಡ್ಡಿಯಿಂದ ಕಂದು ಬಣ್ಣದ ಚೂರೊಂದನ್ನು ಎಬ್ಬಿಸಿ ಮೂಸಿದರು. ಅದರಿಂದಲೇ ನಳಿಕೆ ಬಿಗಿಯಾಗಿ ಕೂರದೆ ಒತ್ತಡ ಸೋರಿತ್ತು.

"ಫಕೀರವ್ವಾ, ಇದು ಪೇಢೆ ಅಲ್ಲೇನು?"

ಫಕೀರವ್ವನ ಮುಖ ಇಷ್ಟೇ ಆಯಿತು. "ಪೂಜಿ ದಿನ ಬಾಯಿ ಸಿಹಿ ಮಾಡಿದ್ನಿರೀ... ಅದೂ ದುಡಿಯೂ ಜೀವ ಐತೆಲ್ರೀ ಪಾಪ."

ಮೇಜಿನ ಮೇಲಿಂದ ಶಿವಲೀಲಾ ಖೊಳ್ಳನೆ ನಕ್ಕಳು. "ಯವ್ವಾ, ಡಬ್ಬಿಗೆ ಪೇಢೆ ತಿನಿಸೀಯಲ್ಲಬೇ! ನನ್ನ ನೋಡಿದ್ರ ನಿನ್ನಿ ರಾತ್ರಿಯಿಂದ ಉಪಾಸ ಕೆಡವೀರಿ!"

ಮಂದಾಕಿನಿಯವರೂ ನಗು ತಡೆಯಲಾರದೆ ಗೋಡೆಗೆ ತಿರುಗಿ ನಿಂತರು. ನಗು ಮುಗಿದ ಮೇಲೆ ಕೆಲಸ. ನನ್ನ ಬಾಯಿಯನ್ನು ಸ್ಪಿರಿಟ್ಟಿನಿಂದ ಉಜ್ಜಿ, ಹಳೆಯ ಬಲೂನನ್ನು ಹೊರಗೇ ಉಬ್ಬಿಸಿ ಎರಡೆರಡು ಸಲ ಪರೀಕ್ಷಿಸಿದರು. ಪರದೆಯ ಮೇಲಿನ ಅಂಕಿ ಕದಲಲಿಲ್ಲ. ಶಿವಲೀಲಾಳಿಗೆಂದು ಹೊಸ ಬಲೂನಿನ ಪೊಟ್ಟಣವನ್ನೇ ಒಡೆದರು. "ಹೂಂ, ರೈಟ್ ರೈಟ್!" ಎಂದಳು ಅವಳು. ಎಂಟು ನಿಮಿಷ ನಾನು ಉಸಿರು ಬಿಗಿಹಿಡಿದು ಕಾವು ಕೊಟ್ಟೆ. ಒತ್ತಡ ಒಂದಿಷ್ಟೂ ಇಳಿಯಲಿಲ್ಲ.

ಮೂರು ತಿಂಗಳ ಮೇಲೆ ಶಿವಲೀಲಾ ತೋರಿಸಿಕೊಳ್ಳಲು ಬಂದಳು. ತಿಂಗಳಿಗೆ ಎರಡು ದಿನ, ಅದೂ ಕಂಡೂ ಕಾಣದಷ್ಟು, ಎಂದು ಹೇಳುವಾಗ ಅವಳ ಕೆನ್ನೆ ಕೆಂಪಾಗಿತ್ತು. ಬಸ್ಸು ಅವಳ ಕೈ ಬಿಟ್ಟಿರಲಿಲ್ಲ. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಮುಂದೆ ಹನ್ನೊಂದು ವರ್ಷ ನೂರಾರು ಹೆಂಗಸರು ಬಂದು ಹೋದರು. ಎಲ್ಲರಿಗೂ ನಾನು ಒಗ್ಗಲಿಲ್ಲ. ಕೆಲವರಿಗೆ ಆಮೇಲೆ ದೊಡ್ಡ ಆಪರೇಷನ್ನೇ ಬೇಕಾಯಿತು. ಆದರೆ ಒಬ್ಬರನ್ನೂ ಸುಟ್ಟು ಗಾಯ ಮಾಡಲಿಲ್ಲ. ಕಡೆಗೆ ನನ್ನ ಅಳತೆಯ ಬಲೂನು ಬರುವುದು ನಿಂತುಹೋಯಿತು. ಈಗ ಗದಗಿನ ಒಂದು ನರ್ಸಿಂಗ್ ಶಾಲೆಯ ಕಪಾಟಿನಲ್ಲಿದ್ದೇನೆ. ಹುಡುಗಿಯರು ಗುಂಡಿ ಒತ್ತಿ ನನ್ನನ್ನು ಕೂಗಿಸುತ್ತಾರೆ, "ಕೂಗಿದರೆ ಏನು ಮಾಡಬೇಕು?" ಎಂದು ಮೇಡಂ ಕೇಳುತ್ತಾರೆ. ಧೈರ್ಯದ ಯಂತ್ರಗಳು ಲೋಕದಲ್ಲಿ ಬೇಕಾದಷ್ಟಿವೆ, ಪುಕ್ಕಲನಾಗಿ ಇಷ್ಟು ಮಂದಿಗೆ ಬೇಕಾದದ್ದು ನನ್ನ ಪುಣ್ಯ.

ಇಲ್ಲಿಗೆ ಬಂದ ದಿನದ ಸಂಗತಿ ಮಾತ್ರ ಹೇಳಿಬಿಡಬೇಕು. ಫಕೀರವ್ವ ನನ್ನನ್ನು ಆಟೋದಲ್ಲಿ ತಂದು ಗದಗ ಬಸ್ಸಿಗೆ ಹತ್ತಿಸಿದಳು. ಬಸ್ಸು ಕಿಕ್ಕಿರಿದಿತ್ತು. "ಅದನ್ನ ಟಾಪಿನ ಮ್ಯಾಲ ಒಗೀರಿ" ಎಂದ ಒಬ್ಬ. ಅಷ್ಟರಲ್ಲಿ ಖಾಕಿ ಅಂಗಿಯ, ಅರ್ಧ ನರೆತ ಕೂದಲಿನ ಹೆಂಗಸೊಬ್ಬಳು ಜನರನ್ನು ಸರಿಸಿಕೊಂಡು ಬಂದಳು. ನನ್ನನ್ನು ನೋಡಿದಳು, ಫಕೀರವ್ವನನ್ನು ನೋಡಿದಳು. ನನ್ನನ್ನೆತ್ತಿ ಬಾಗಿಲ ಪಕ್ಕದ ಕಂಡಕ್ಟರ್ ಸೀಟಿನ ಮೇಲೆ ಕೂರಿಸಿದಳು.

"ಮತ್ತ ನೀವೆಲ್ಲಿ ಕುಂಡ್ರತೀರಿ ಅಕ್ಕಾರ?" ಯಾರೋ ಕೇಳಿದರು.

"ನಾ ನಿಂದರತೀನ್ರೀ" ಎಂದಳು ಶಿವಲೀಲಾ. ಗದಗ ಬರುವವರೆಗೂ ನಿಂತೇ ಬಂದಳು.