ಗುಡಿಯೆನೆ ಎಂದರೆ ಯಾರು?

ನಾನು ಒಂದು ಹಿತ್ತಾಳೆಯ ಕೈಗಂಟೆ. ಎರಕ ಹೊಯ್ದು ನನ್ನನ್ನು ಹುಟ್ಟಿಸಿದ್ದು ಅಮೆರಿಕದ ಷಿಕಾಗೋ ನಗರದಲ್ಲಿ. ಮೊದಲ ಆರು ವರ್ಷ, ಲಿಥುವೇನಿಯಾದಿಂದ ವಲಸೆ ಬಂದವರ ಬೀದಿಯ ಹೆಂಡದಂಗಡಿಯಲ್ಲಿದ್ದೆ. ಬಿಯರ್ ಬೇಕಾದವರೆಲ್ಲ ನನ್ನ ಜುಟ್ಟು ಹಿಡಿದು ಅಲ್ಲಾಡಿಸುತ್ತಿದ್ದರು. ಮರ್ಯಾದೆ ಎಂಬುದನ್ನು ಕಂಡದ್ದು ಅದೇ ಅಂಗಡಿಯ ಮಹಡಿಯಲ್ಲಿ ಹೆಂಗಸರ ಸಂಘ ಶುರುವಾದ ಮೇಲೆ.

ಸಂಘದ ಅಧ್ಯಕ್ಷೆ ಬಾರ್ಬೊರಾ ಗುಡಿಯೆನೆ, ಕೋಟು ಹೊಲಿಯುವ ಕಾರ್ಖಾನೆಯ ಕೆಲಸದವಳು. ಮೊದಲ ಸಭೆಯಲ್ಲಿ ಅವಳು ನನ್ನನ್ನು ಬಾರಿಸಿದಾಗ ಕೆಳಗಿದ್ದ ಗಂಡಸರು, "ಹೆಂಗಸ್ರಿಗೂ ಬಿಯರ್ ಬೇಕಂತೆ ಕಣ್ರೋ!" ಎಂದು ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಆ ಚಳಿಗಾಲದಲ್ಲಿ ಕಾರ್ಖಾನೆಯವರು ಕೆಲಸದ ಹೊತ್ತಿನಲ್ಲಿ ಬಾಗಿಲಿಗೆ ಬೀಗ ಹಾಕತೊಡಗಿದರು. ಬೆಂಕಿ ಬಿದ್ದರೆ ಒಳಗಿದ್ದವರ ಗತಿ ಏನು? ಬೀಗ ತೆಗೆಯಿರೆಂದು ಬಾರ್ಬೊರಾ ತಮ್ಮ ಭಾಷೆಯ ಪತ್ರಿಕೆಗೆ 'ಗುಡಿಯೆನೆ' ಎಂದು ಹೆಸರು ಹಾಕಿಯೇ ಬರೆದಳು. ಮೇಸ್ತ್ರಿ ಅವಳನ್ನು ಹುಡುಕಿದ, ಸಿಗಲಿಲ್ಲ. ಗುಮಾಸ್ತ ಅವಳನ್ನು ಗಂಡನ ಹೆಸರಿನಿಂದ 'ಗುಡಾಸ್' ಎಂದು ಬರೆದುಕೊಂಡಿದ್ದ. ಅವರ ಪಟ್ಟಿಯಲ್ಲಿ 'ಗುಡಿಯೆನೆ' ಎಂಬವಳೇ ಇರಲಿಲ್ಲ. ಸಂಘದವರು ಬಿದ್ದು ಬಿದ್ದು ನಕ್ಕರು.

ಮುಂದಿನ ಭಾನುವಾರ ಗುರುತಿಲ್ಲದವನೊಬ್ಬ ಬಂದು ಹಿಂದಿನ ಬೆಂಚಿನಲ್ಲಿ ಕೂತ. ಟೊಪ್ಪಿಗೆ ತೆಗೆಯಲಿಲ್ಲ. ತಾನು ಇಂಗ್ಲಿಷ್ ಪತ್ರಿಕೆಯವನು ಎಂದ. ಪಕ್ಕದಲ್ಲಿದ್ದವಳು ಪೆಟ್ರೊನೇಲೆ, ಅದೇ ಕಾರ್ಖಾನೆಯ ಹುಡುಗಿ, ಮದುವೆಯಾಗಿ ತಿಂಗಳೂ ಆಗಿರಲಿಲ್ಲ.

"ಏನಮ್ಮಾ, ನಿಮ್ಮಲ್ಲಿ ಗಂಡ ಹೆಂಡ್ತಿಗೆ ಬೇರೆ ಬೇರೆ ಹೆಸರಾ?" ಎಂದು ಕೇಳಿದ.

"ಬೇರೆ ಯಾಕಾಗತ್ತೆ? ಮದ್ವೆಯಾದೋಳ ಹೆಸರಿನ ಕೊನೇಲಿ 'ಇಯೆನೆ' ಸೇರತ್ತೆ, ಅಷ್ಟೆ. ವೈಟ್ಕುಸ್ ಹೆಂಡ್ತಿ ನಾನು, ವೈಟ್ಕಿಯೆನೆ. ಗುಡಾಸ್ ಹೆಂಡ್ತಿ ನಮ್ಮ ಬಾರ್ಬೊರಕ್ಕ, ಗುಡಿಯೆನೆ."

ಅವಳಿಗೆ ಹೊಸ ಹೆಸರಿನ ಹೆಮ್ಮೆ. ಅವನು ಬರೆದುಕೊಂಡ. ನಾಲಿಗೆ ಇದ್ದೂ ನಾನು ಕೂಗಲಾರದೆ ಹೋದೆ. ಯಾರಾದರೂ ಎತ್ತಿದರೆ ತಾನೆ ನನಗೆ ದನಿ!

ಸೋಮವಾರ ಬಾರ್ಬೊರಾಳನ್ನು ಕೆಲಸದಿಂದ ತೆಗೆದರು. ಊರಿನ ಯಾವ ಕಾರ್ಖಾನೆಯೂ ಅವಳನ್ನು ಸೇರಿಸಿಕೊಳ್ಳಲಿಲ್ಲ. ಗಂಡನ ಜೊತೆ ದೂರದ ಕಲ್ಲಿದ್ದಲ ಗಣಿಯ ಊರಿಗೆ ಹೊರಟುಹೋದಳು. ಬೀಗ ಮಾತ್ರ ಹಾಗೇ ಇತ್ತು.

ಈಗ ನಾನು ಮುದಿಯಾಗಿದ್ದೇನೆ. ಚರ್ಚಿನ ಬೀರುವೊಂದರಲ್ಲಿ, ಮಾಸಿದ ಮೇಜುಬಟ್ಟೆಗಳ ನಡುವೆ ಬಿದ್ದಿದ್ದೇನೆ. ಎಷ್ಟೋ ಸಭೆ ಕಂಡೆ, ಎಷ್ಟೋ ಭಾಷಣ ಕೇಳಿದೆ, ಬಹಳಷ್ಟು ಮರೆತಿದೆ. ಆದರೆ ಬಾರ್ಬೊರಾ ಊರು ಬಿಟ್ಟ ವಾರದ ಸಭೆಯನ್ನು ನೆನೆದರೆ ಈಗಲೂ ನಡುಕ ಬರುತ್ತದೆ.

ಅರ್ಧಕ್ಕರ್ಧ ಹೆಂಗಸರು ಹೆದರಿ ಬಂದಿರಲಿಲ್ಲ. ಆ ಟೊಪ್ಪಿಗೆಯವನು ಮಾತ್ರ ಬಂದು ಅದೇ ಹಿಂದಿನ ಬೆಂಚಿನಲ್ಲಿ ಕೂತಿದ್ದ. ಅಧ್ಯಕ್ಷೆಯ ಕುರ್ಚಿ ಖಾಲಿ. ಪೆಟ್ರೊನೇಲೆ ಅತ್ತು ಊದಿದ ಮುಖ ಹೊತ್ತು ಎದ್ದು ಬಂದಳು, ನನ್ನನ್ನು ಎತ್ತಿ ಜೋರಾಗಿ ಬಾರಿಸಿದಳು. ಅವಳ ಅಂಗೈ ತಣ್ಣಗಿತ್ತು.

"ಬೀಗ ತೆಗೀಲೇಬೇಕು ಅಂತ ಮತ್ತೆ ಪತ್ರಿಕೆಗೆ ಬರೀತೀವಿ," ಎಂದಳು. ಆಮೇಲೆ ಹಿಂದಿನ ಬೆಂಚಿನ ಕಡೆ ತಿರುಗಿದಳು. "ಬರ್ಕೊಳ್ಳಿ. ಪೆಟ್ರೊನೇಲೆ ವೈಟ್ಕಿಯೆನೆ. ನಿಮ್ಮ ಪಟ್ಟೀಲಿ ವೈಟ್ಕುಸ್ ಅಂತಿದೆ. ಮೂರನೇ ಮಹಡಿ, ಕಿಟಕಿ ಪಕ್ಕದ ಮೆಷಿನ್ನು."

ಅವನು ಒಂದಕ್ಷರವೂ ಬಿಡದೆ ಬರೆದುಕೊಂಡ.