ಮಾಮಿಯ ಕುತ್ತಿಗೆ

ಪರದೆಯ ಎರಡು ಕೊಂಡಿ ಕಳಚಿವೆ, ಅಷ್ಟು ಜಾಗದಲ್ಲಿ ಬಟ್ಟೆ ಜೋತುಬಿದ್ದಿದೆ, ಎಸಿ ಗಾಳಿ ಬಂದಾಗೆಲ್ಲ ಜೋತುಬಿದ್ದ ಭಾಗವೇ ಮೊದಲು ಅಲುಗಾಡುತ್ತದೆ, ಇಷ್ಟು ದೊಡ್ಡ ಕ್ಲಿನಿಕ್, ಕೆಳಗೆ ಬಂದವರಿಗೆಲ್ಲ ಖರ್ಜೂರ, ಕಹ್ವಾ, ಗೋಡೆ ತುಂಬಾ ಕನ್ನಡಿ, ಇಲ್ಲಿ ಒಂದು ಪರದೆಯನ್ನು ಎತ್ತಿ ಕಟ್ಟುವವರಿಲ್ಲ — ಮಾಮಿಯ ಕುತ್ತಿಗೆಯನ್ನು ಮಾತ್ರ ಎತ್ತಿ ಕಟ್ಟಿ ಆಯಿತು, ಈಗಷ್ಟೇ ತಂದು ಮಲಗಿಸಿ ಹೋದರು, ಗಲ್ಲದ ಕೆಳಗಿನಿಂದ ನೆತ್ತಿಯವರೆಗೆ ಚರ್ಮದ ಬಣ್ಣದ ಬಿಗಿ ಪಟ್ಟಿ, ಸತ್ತ ಮೇಲೆ ಮಯ್ಯತ್ತಿನ ಬಾಯಿ ತೆರೆಯದಂತೆ ಗಲ್ಲ ಕಟ್ಟುತ್ತಾರಲ್ಲ, ಹಾಗೆ, ಕಣ್ಣು ಅರ್ಧ ತೆರೆದಿದೆ, ಬಾಯಿಯ ಮೂಲೆಯಲ್ಲಿ ಜೊಲ್ಲು, ಒರೆಸಬೇಕು, ಒರೆಸುತ್ತೇನೆ, ಸೊಸೆ ಒರೆಸದೆ ಇನ್ಯಾರು. ಅರಿವಳಿಕೆಯ ಅಮಲು ಇಳಿಯುವ ಮೊದಲೇ ಮಾಮಿಯ ಬಾಯಿಂದ ಬಂದ ಮಾತು ನೀರಲ್ಲ, ಅಲ್ಲಾಹನ ಹೆಸರಲ್ಲ, ಶಾಲು, ಹಸ್ನಾ, ಶಾಲು ಹಾಕು, ಗಂಡಸರು ಬರ್ತಾರೆ. ಫಿಲಿಪ್ಪೀನ್ಸಿನ ನರ್ಸ್ ಬೇಡ ಎಂದಳು, ಕುತ್ತಿಗೆ ನಮಗೆ ಕಾಣುತ್ತಿರಬೇಕು ಎಂದಳು, ನಾನು ಇಂಗ್ಲಿಷಿನಲ್ಲಿ ಹೇಳಿದೆ, ಇವರು ಧರ್ಮದ ವಿಷಯದಲ್ಲಿ ಬಹಳ ಕಟ್ಟುನಿಟ್ಟು, ಅಳ್ತಾರೆ, ಸುಮ್ಮನೆ ಮೇಲೆ ಹಾಸುತ್ತೇನೆ. ಹಾಸಿದೆ. ಕಪ್ಪು ಶಾಲು, ಮಾಮಿಗೆ ಇಷ್ಟವಾದದ್ದು. ನರ್ಸ್ ಕರೆಗಂಟೆಯ ಗುಂಡಿಯನ್ನು ನನ್ನ ಕೈಗೆ ಕೊಟ್ಟು ಹೋದಳು, ಒಂದು ಬದಿ ಉಬ್ಬಿದರೆ, ತುಂಬಾ ಬಿಗಿ ಅಂದರೆ, ಉಸಿರು ಕಷ್ಟವಾದರೆ ಒತ್ತು, ಕೂಡಲೇ ಒತ್ತು, ಕಾಯಬೇಡ, ನಾನು ಕಾರಿಡಾರಿನ ಆ ತುದಿಯಲ್ಲಿ ಇರ್ತೇನೆ. ಸರಿ ಸಿಸ್ಟರ್. ಬಿಳಿ ಗುಂಡಿ, ನಡುವೆ ಕೆಂಪು, ಬೆವರಿದ ಕೈಗೆ ಅಂಟುತ್ತದೆ, ಹಾಸಿಗೆಯ ಮೇಲೆ ಇಡುತ್ತೇನೆ. ಇದೆಲ್ಲ ಶುರುವಾದದ್ದು ಫೋನಿನಿಂದ, ವಿಸಿಟ್ ವೀಸಾದಲ್ಲಿ ಸೌದಿಗೆ ಬಂದು ರಾಸ್ ತನೂರಾದ ನಮ್ಮ ಎರಡು ಕೋಣೆಯ ಮನೆಯಲ್ಲಿ ಕೂತ ಮಾಮಿಗೆ ದಿನವಿಡೀ ಊರಿಗೆ ವಿಡಿಯೋ ಕಾಲ್, ಫೋನನ್ನು ಮಡಿಲಲ್ಲಿ ಇಟ್ಟುಕೊಂಡೇ ಮಾತು, ಕೆಳಗಿನಿಂದ ನೋಡಿದರೆ ಮುಖಕ್ಕಿಂತ ಮೊದಲು ಕುತ್ತಿಗೆ, ಹಸುವಿನ ಗಂಗೆದೊಗಲಿನ ಹಾಗೆ ಮಡಿಕೆ ಮೇಲೆ ಮಡಿಕೆ, ನಾನು ಚಹಾ ತಂದಿಟ್ಟು ಹೇಳಿದೆ, ಮಾಮಿ, ಫೋನ್ ಸ್ವಲ್ಪ ಮೇಲೆ ಹಿಡೀರಿ, ಬರೀ ಕುತ್ತಿಗೆ ಕಾಣ್ತದೆ. ಅಷ್ಟೇ. ಒಳ್ಳೆಯದಕ್ಕೆ ಹೇಳುವ ದನಿಯಲ್ಲೇ ಹೇಳಿದೆ. ಆ ಕಡೆಯಿಂದ ಮಗಳು ಬತೂಲ್ ನಕ್ಕಳು, ಹೌದು ಉಮ್ಮಾ, ನಿಮ್ಮ ಮುಖ ಎಲ್ಲಿಗೆ ಹೋಯ್ತು. ಮಾಮಿ ಮೂಲೆಯ ಸಣ್ಣ ಚೌಕದಲ್ಲಿ ತನ್ನನ್ನೇ ಮೊದಲ ಬಾರಿ ನೋಡಿದವರಂತೆ ನೋಡಿಕೊಂಡರು, ಚಹಾ ಆರಿಹೋಯಿತು, ಆ ಚಹಾವನ್ನು ಸಿಂಕಿಗೆ ಸುರಿಯುವಾಗ ನನಗೆ ಹಸಿವಾಗಿತ್ತು, ಬಹಳ ದಿನಗಳ ಮೇಲೆ ಹಸಿವು, ಎರಡು ಪರೋಟ ತಿಂದೆ. ಆಮೇಲೆ ಮನೆಯಲ್ಲಿ ಬೇರೆ ಮಾತಿಲ್ಲ. ಬತೂಲಳ ಮದುವೆ ಹತ್ತಿರ, ಹೊಸ ಬೀಗಿತ್ತಿ ಫಖ್ರುನ್ನಿಸಾ, ಅವರ ಕುತ್ತಿಗೆ ನೋಡಿದ್ದೀಯಾ ಹಸ್ನಾ, ಮದುಮಗಳದ್ದೇ ಅನ್ನಬೇಕು, ಮದುವೆ ಹಾಲ್‌ನಲ್ಲಿ ಹೆಂಗಸರ ಕಡೆ ಶಾಲು ತೆಗೆದು ಅವರ ಪಕ್ಕದಲ್ಲಿ ನಾನು ಹೇಗೆ ಕೂರುವುದು, ಹಾಕಿದ ಚಿನ್ನ ಮಡಿಕೆಯೊಳಗೆ ಹೋಗಿ ಕೂತರೆ ಕಾಣ್ಲಿಕ್ಕೆ ಎಂತ ಉಂಟು. ಮೊಟ್ಟೆಯ ಬಿಳಿ ಹಚ್ಚಿದರು, ಮುಲ್ತಾನಿ ಮಿಟ್ಟಿ ಹಚ್ಚಿದರು, ಕೊರಿಯಾದ ಅಂಟುಪಟ್ಟಿ ಅಂಟಿಸಿಕೊಂಡು ಮಲಗಿದರು, ಅಸರ್ ನಮಾಜ್ ಮುಗಿಸಿ ಅದೇ ಮುಸಲ್ಲಾದ ಮೇಲೆ ಕೂತು ಯೂಟ್ಯೂಬಿನವಳು ಹೇಳಿದ ಹಾಗೆ ಗಲ್ಲವೆತ್ತಿ ತುಟಿ ಮುಂದೆ ಮಾಡಿ ಸೂರಿಗೆ ಮುತ್ತು ಕೊಟ್ಟರು, ನಾನು ಅಡುಗೆಮನೆಯಿಂದ ಎಣಿಸಿ ಹೇಳಬೇಕು, ಬೇಕೆಂದೇ ನಿಧಾನ ಎಣಿಸುತ್ತಿದ್ದೆ. ನಂತರ ಸೂಜಿ, ಬೈಯುವಾಗ ಕುತ್ತಿಗೆಯಲ್ಲಿ ಏಳುವ ಆ ಎರಡು ಹಗ್ಗಗಳು ಮಲಗಿದವು, ಬೈಗುಳ ಮಲಗಲಿಲ್ಲ. ನಂತರ ಚರ್ಮದ ಒಳಗೆ ದಾರ ಪೋಣಿಸಿ ಎಳೆದರು, ಎಳೆದಲ್ಲಿ ಗುಳಿ ಬಿತ್ತು, ಬಿಚ್ಚಿದ ಹಳೇ ಹೊಲಿಗೆಯ ಹಾಗೆ. ಕೊನೆಗೆ ಸಿರಿಯಾದ ಈ ಡಾಕ್ಟರಮ್ಮ, ದಾರದಿಂದ ಆಗುವುದಿಲ್ಲ, ಕತ್ತರಿಸಬೇಕು, ಗಲ್ಲದ ಕೆಳಗೊಂದು ಗೀರು, ಕಿವಿಯ ಹಿಂದೆ ಎರಡು, ಹೆಚ್ಚಾದದ್ದನ್ನು ತೆಗೆದು ಹೊಲಿಯುತ್ತೇನೆ. ಮಂಗಳೂರಿನಲ್ಲಿ ಆಗುವುದಿಲ್ಲವಾ ಮಾಮಿ ಎಂದೆ. ಅಲ್ಲಿ ಮಾಡಿದರೆ ನೆಲ ಒರೆಸುವವಳೂ ನಮ್ಮ ಜಮಾಅತಿನವಳೇ, ನಾನು ಮನೆಗೆ ಮುಟ್ಟುವ ಮೊದಲು ಸುದ್ದಿ ಉಳ್ಳಾಲಕ್ಕೆ ಮುಟ್ತದೆ, ಇಲ್ಲಿ ನಿನಗೊಬ್ಬಳಿಗೇ ಗೊತ್ತು, ನೀನು ಯಾರ ಹತ್ರ ಹೇಳ್ತೀ, ನಿನ್ನ ಹತ್ರ ಮಾತಾಡುವವರು ಯಾರಿದ್ದಾರೆ.

ಅದು ನಿಜ. ಯಾರೂ ಇಲ್ಲ. ಕೊಣಾಜೆಯ ಹಾಸ್ಟೆಲಿನಲ್ಲಿ ಕೋಣೆ ತುಂಬಾ ಮಾತಾಡಿದವಳು ನಾನು, ನನ್ನನ್ನು ನೋಡಲು ಬಂದ ದಿನವೂ ಮಾತಾಡುತ್ತಿದ್ದೆ, ಮಾಮಿ ನನ್ನ ಮಾತು ಕೇಳಲಿಲ್ಲ, ತಿರುಗು ಎಂದರು, ಅಷ್ಟು ಹೆಂಗಸರ ಮುಂದೆ ಶಾಲು ಎತ್ತಿ, ಜಡೆ ಪಕ್ಕಕ್ಕೆ ಸರಿಸಿ, ತೋರುಬೆರಳಿಗೆ ಎಂಜಲು ಹಚ್ಚಿ ನನ್ನ ಕುತ್ತಿಗೆಯ ಹಿಂಭಾಗವನ್ನು ತಿಕ್ಕಿದರು, ಕೊಳೆಯೋ ಬಣ್ಣವೋ ನೋಡುತ್ತೇನೆ ಎಂದರು, ಬೆರಳು ನೋಡಿದರು, ಕೊಳೆಯಲ್ಲ, ಬಣ್ಣವೇ. ಎಲ್ಲರೂ ನಕ್ಕರು, ನನ್ನ ಉಮ್ಮನೂ ನಕ್ಕರು, ನಗದೆ ಏನು ಮಾಡುತ್ತಾರೆ, ಎಂಜಲು ಎಸಿ ಇಲ್ಲದ ಆ ಕೋಣೆಯಲ್ಲಿ ಕತ್ತಿನ ಮೇಲೆ ನಿಧಾನಕ್ಕೆ ಆರಿತು. ಆದರೂ ಒಪ್ಪಿದರು, ಕಪ್ಪಾದರೇನು, ಇಂಗ್ಲಿಷ್ ಉಂಟಲ್ಲ, ನನ್ನ ಮಗ ರಮೀಝ್‌ನ ಜೊತೆ ಅಲ್ಲಿ ಬೇಕಾಗ್ತದೆ. ಮದುವೆಯಾಗಿ ವರ್ಷಗಳಾದವು, ಮಕ್ಕಳಾಗಲಿಲ್ಲ, ದಮ್ಮಾಮಿನ ಡಾಕ್ಟರು ಹಾರ್ಮೋನು ಎಂದರು, ಮಾತ್ರೆ ಕೊಟ್ಟರು, ಮಾಮಿ ಊರಿನಲ್ಲಿ ಕೂತು ತೀರ್ಪು ಕೊಟ್ಟರು, ಆ ಕುತ್ತಿಗೆ ನೋಡಿದ ದಿನವೇ ನನಗೆ ಗೊತ್ತಿತ್ತು, ಕತ್ತು ಕಪ್ಪಿದ್ದವಳ ಹೊಟ್ಟೆ ಖಾಲಿ. ಕಳೆದ ತಿಂಗಳು ನಮ್ಮ ಅಡುಗೆಮನೆಯಲ್ಲೇ, ನಾನು ಮೀನು ತೊಳೆಯುತ್ತಿರುವಾಗಲೇ, ಮಾಮಿ ಫೋನಿನಲ್ಲಿ ತನ್ನ ತಂಗಿಯ ಹತ್ತಿರ, ದನಿ ತಗ್ಗಿಸುವ ಮರ್ಯಾದೆಯೂ ಇಲ್ಲದೆ — ಉಪ್ಪಿನಂಗಡಿಯ ಆ ಹುಡುಗಿಯನ್ನು ಬತೂಲಳ ಮದುವೆಗೆ ಕರ್ಕೊಂಡು ಬಾ, ರಮೀಝ್ ಒಮ್ಮೆ ನೋಡ್ಲಿ, ಅವನು ಬೇಡ ಅನ್ನುವುದಿಲ್ಲ, ನಾನು ಹೇಳಿದ್ದೇನೆ. ಇವಳಾ, ಇವಳು ಎಲ್ಲಿಗೆ ಹೋಗ್ತಾಳೆ, ಇರ್ಲಿ, ಮೂಲೆಯಲ್ಲಿ ಇರ್ಲಿ. ಮೀನಿನ ಕಿವಿರು ಕೀಳುತ್ತಿದ್ದೆ, ಪೂರಾ ಕಿತ್ತೆ, ಸಾರು ಮಾಡಿದೆ, ಹುಳಿ ಸರಿ ಬಂದಿದೆ ಎಂದು ರಮೀಝ್ ಎರಡು ಸಲ ಬಡಿಸಿಕೊಂಡ, ನಾನು ಅವನನ್ನು ಕೇಳಲಿಲ್ಲ, ಕೇಳಿದರೆ ಹೌದು ಅನ್ನುತ್ತಾನೆ ಎಂದು ಗೊತ್ತಿತ್ತು. ಈ ವಾರವೇ ಡಾಕ್ಟರಮ್ಮ ಕೇಳಿದ್ದು, ಹೃದಯದ ತೊಂದರೆ ಇದೆಯಾ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಾರಾ, ಹಾಗಿದ್ದರೆ ರಕ್ತ ನಿಲ್ಲುವುದಿಲ್ಲ, ನಾನು ಕತ್ತಿ ಮುಟ್ಟುವುದಿಲ್ಲ, ನಿಲ್ಲಿಸಿ ಆಮೇಲೆ ಬರಬೇಕು. ನಾನು ನಮ್ಮ ಬ್ಯಾರಿ ಭಾಷೆಯಲ್ಲಿ ಮಾಮಿಯನ್ನು ಕೇಳಿದೆ. ಇಲ್ಲ ಅಂತ ಹೇಳು. ಉಂಟಲ್ಲ ಮಾಮಿ, ಎದೆನೋವು ಬಂದಾಗ ಮಂಗಳೂರಿನ ಡಾಕ್ಟರು ಕೊಟ್ಟದ್ದು, ಬೆಳಿಗ್ಗೆಯ ಗುಲಾಬಿ ಮಾತ್ರೆ. ನೀನು ಡಾಕ್ಟರಾ, ಅದು ನಿಲ್ಲಿಸಿದರೆ ಸಾಯ್ತೇನಂತೆ, ಇದು ಮುಂದೆ ಹಾಕಿದರೆ ವೀಸಾ ಮುಗೀತದೆ, ಇಲ್ಲ ಅಂತ ಹೇಳು. ಡಾಕ್ಟರಮ್ಮ ನಗುತ್ತಾ ಕಾಯುತ್ತಿದ್ದರು, ಮಾಮಾ ಏನು ಹೇಳ್ತಾರೆ, ಇಲ್ಲಿ ವಯಸ್ಸಾದ ಹೆಂಗಸರೆಲ್ಲ ಮಾಮಾ. ಏನೂ ಇಲ್ಲವಂತೆ ಎಂದೆ. ಹೇಳಿದ್ದನ್ನು ದಾಟಿಸಿದೆ, ದುಭಾಷಿಯ ಕೆಲಸ ಅಷ್ಟೇ. ಆದರೆ ಇವತ್ತು ಬೆಳಿಗ್ಗೆ ನರ್ಸ್ ಇನ್ನೊಮ್ಮೆ ಕೇಳಿದಳು, ಮಾಮಿ ಬಾಗಿಲು ಹಾಕಿಕೊಂಡು ಬಟ್ಟೆ ಬದಲಿಸುತ್ತಿದ್ದರು, ಹೊರಗೆ ನಾನೊಬ್ಬಳೇ, ಯಾವ ಮಾತ್ರೆಯೂ ಇಲ್ಲ ತಾನೇ, ಖಂಡಿತ ತಾನೇ, ಬೇಕಾದರೆ ಈಗಲೂ ಹೇಳು, ಯಾರೂ ಬೈಯುವುದಿಲ್ಲ. ಫಜರ್ ನಮಾಜ್ ಆದ ಮೇಲೆ ಮಾಮಿ ಬಿಸ್ಮಿ ಹೇಳಿ ಅದನ್ನು ಗುಟುಕು ನೀರಿನಲ್ಲಿ ನುಂಗಿದ್ದನ್ನು ನೋಡಿದ್ದೆ, ಲೋಟ ತೊಳೆದಿಟ್ಟವಳೂ ನಾನೇ. ಇಲ್ಲ ಸಿಸ್ಟರ್, ಖಂಡಿತ. ಮೊದಲನೆಯ ಇಲ್ಲ ಮಾಮಿಯದು, ಎರಡನೆಯದು ನನ್ನದು, ಅದನ್ನು ಹೇಳುವಾಗ ನಾಲಿಗೆ ಸ್ವಲ್ಪವೂ ತಡವರಿಸಲಿಲ್ಲ.

ಶಾಲು ಅಲುಗಾಡಿತಾ. ಎಸಿ ಇರಬೇಕು. ಇಲ್ಲ, ಮಾಮಿಯ ಕೈ, ಶಾಲಿನ ಕೆಳಗೆ ಪಟ್ಟಿಯನ್ನು ಹುಡುಕುತ್ತಿದೆ, ಬಿಗಿ, ಹಸ್ನಾ, ಇದು ಬಿಗಿ. ಬಿಗಿ ಇರಲೇಬೇಕು ಮಾಮಿ, ಬಿಗಿ ಮಾಡ್ಲಿಕ್ಕೇ ಬಂದದ್ದಲ್ವಾ. ಕೈ ತೆಗೆದು ಪಕ್ಕಕ್ಕಿಟ್ಟೆ, ಶಾಲಿನ ಅಂಚು ಎತ್ತಿ ನೋಡಿದೆ — ಎಡಗಿವಿಯ ಕೆಳಗೆ, ಪಟ್ಟಿ ಮುಗಿಯುವಲ್ಲಿ, ಭುಜದ ಎಲುಬಿನವರೆಗೆ ಬರಿಗುತ್ತಿಗೆ, ಅಲ್ಲಿ ಒಂದು ಉಬ್ಬು, ಲಿಂಬೆಯಷ್ಟು, ಅದರ ಮೇಲೆ ಚರ್ಮ ಹೊಳೆಯುತ್ತದೆ, ಬೆಳಿಗ್ಗೆ ಅಲ್ಲೇ ಇದ್ದ ಮಡಿಕೆ ಇಲ್ಲ. ಶಾಲು ಬಿಟ್ಟೆ. ಫೋನ್ ಮಿನುಗುತ್ತದೆ, ರಮೀಝ್, ರಿಫೈನರಿಯ ಶಟ್‌ಡೌನ್ ಕೆಲಸದಲ್ಲಿದ್ದಾನೆ, ಅವನಿಗೆ ಮಾಮಿ ಹೇಳಿದ್ದು ಕೊಬ್ಬಿನ ಗಂಟು ತೆಗೆಸುತ್ತೇನೆ ಎಂದು, ಗಂಟು ತೆಗೆದಾಯ್ತಾ, ಉಮ್ಮ ಹೇಗಿದ್ದಾರೆ. ಆಯ್ತು, ಮಲಗಿದ್ದಾರೆ, ಒಂದು ಹೃದಯ, ಕಳಿಸಿದೆ. ಗುಂಡಿ ನನ್ನ ಮೊಣಕೈ ಹತ್ತಿರವೇ ಇದೆ. ಒತ್ತಿದರೆ ಓಡಿ ಬರುತ್ತಾರೆ, ಹೊಲಿಗೆ ಬಿಚ್ಚಿ ರಕ್ತ ತೆಗೆಯುತ್ತಾರೆ, ಮತ್ತೆ ಹೊಲಿಯುತ್ತಾರೆ, ಮಾಮಿ ಬದುಕುತ್ತಾರೆ, ಮಾಮಿಯಂಥವರು ಬದುಕುತ್ತಾರೆ, ಊರಿಗೆ ಹೋಗುತ್ತಾರೆ, ಮದುವೆ ಹಾಲ್‌ನಲ್ಲಿ ಹೆಂಗಸರ ಕಡೆ ಶಾಲು ತೆಗೆದು ಕೂರುತ್ತಾರೆ, ಉಪ್ಪಿನಂಗಡಿಯ ಹುಡುಗಿ ಬಂದು ಕೈಗೆ ಮುತ್ತು ಕೊಡುತ್ತಾಳೆ, ಅವಳನ್ನೂ ತಿರುಗು ಅನ್ನುತ್ತಾರೆ, ಅವಳದ್ದು ಬಿಳಿ ಇರುತ್ತದೆ. ಮತ್ತೆ ಅಂಚು ಎತ್ತಿದೆ. ಲಿಂಬೆಯಲ್ಲ, ಮೂಸಂಬಿ, ಗಲ್ಲದ ಕಡೆಗೂ ಹರಡಿದೆ, ಹೊಳಪು ಹೆಚ್ಚಾಗಿದೆ, ಚರ್ಮದ ಕೆಳಗೆ ನೇರಳೆ. ಮಾಮಿ ಪೂರ್ತಿ ಎಚ್ಚರವಾಗಿದ್ದಾರೆ, ನನ್ನ ಅಬಾಯದ ತೋಳು ಹಿಡಿದಿದ್ದಾರೆ, ಹಿಡಿತ ಗಟ್ಟಿ, ಉಸಿರು ಕಟ್ತದೆ, ಅವಳನ್ನು ಕರಿ, ದನಿ ಒಳಗಿಂದ ಬರುವ ಹಾಗಿದೆ, ದಪ್ಪ ದನಿ, ಬಾಯಿಯಲ್ಲಿ ಅನ್ನ ಇಟ್ಟುಕೊಂಡು ಮಾತಾಡಿದ ಹಾಗೆ. ಚಪ್ಪಲಿ ಸದ್ದು, ನರ್ಸ್ ತಾನಾಗಿಯೇ ಬಂದಳು, ಕೈಯಲ್ಲಿ ಇನ್ನಾರದೋ ಸಲೈನ್ ಬಾಟಲಿ, ಪರದೆಯ ಸಂದಿನಲ್ಲೇ ನಿಂತು ಯಂತ್ರದ ಸಂಖ್ಯೆ ನೋಡಿದಳು, ಬೆರಳಿಗೆ ಸಿಕ್ಕಿಸಿದ ಕ್ಲಿಪ್ಪು ಎಲ್ಲ ಸರಿ ಅನ್ನುತ್ತಿದೆ, ಹಸಿರು, ನಾನು ಎದ್ದೆ, ಎದ್ದರೆ ಅವಳಿಗೂ ದಿಂಬಿಗೂ ನಡುವೆ ನಾನು. ಮಾಮಿ ಬ್ಯಾರಿಯಲ್ಲಿ ಹೇಳಿದರು, ನನಗೆ ಆಗುವುದಿಲ್ಲ, ಉಸಿರು ಇಲ್ಲ, ಅವಳಿಗೆ ಹೇಳು. ಏನು ಹೇಳ್ತಾರೆ ಮಾಮಾ. ನೀರು ಬೇಕಂತೆ. ಈಗ ನೀರು ಕೊಡಬೇಡ, ತುಟಿ ಒದ್ದೆ ಮಾಡು ಸಾಕು, ಮಾಮಾ ಓಕೆ ತಾನೇ. ಓಕೆ ಎಂದೆ. ಮಾಮಿಗೆ ಇಂಗ್ಲಿಷ್ ಬರುವುದಿಲ್ಲ, ಓಕೆ ಯಾರಿಗೆ ಗೊತ್ತಿಲ್ಲ — ಕಣ್ಣು ಅಷ್ಟು ದೊಡ್ಡದಾಗಿ ತೆರೆದದ್ದನ್ನು ನಾನು ಈವರೆಗೆ ನೋಡಿಲ್ಲ, ನನ್ನನ್ನೇ ನೋಡುತ್ತಿದ್ದಾರೆ, ನನ್ನ ಕುತ್ತಿಗೆಯನ್ನಲ್ಲ, ನನ್ನ ಮುಖವನ್ನು. ಚಪ್ಪಲಿ ಸದ್ದು ದೂರ ಹೋಯಿತು. ತೋಳು ಬಿಡಿಸಿಕೊಂಡೆ. ಹತ್ತಿ ಒದ್ದೆ ಮಾಡಿ ತುಟಿಗೆ ಇಟ್ಟೆ, ಮಾಮಿ ತುಟಿ ಬಿಗಿಹಿಡಿದರು, ನನ್ನ ಕೈಯ ನೀರು ಬೇಡ. ಕಾಲು ಹಾಸಿಗೆಯನ್ನು ಒದೆಯುತ್ತದೆ, ಗುಂಡಿ ಜಾರಿ ಹಾಸಿಗೆಯಿಂದ ಕೆಳಗೆ ಬಿತ್ತು, ವೈರಿನಲ್ಲಿ ಅದು ನೇತಾಡುತ್ತಿದೆ, ಬಗ್ಗಿದರೆ ಸಿಗುತ್ತದೆ, ಬಗ್ಗಬಹುದು, ಈಗಲೂ ಬಗ್ಗಬಹುದು, ಕೂಗಿದರೂ ಸಾಕು, ಶಾಲು ತಾನೇ ಸರಿದು ಬಿದ್ದಿದೆ, ಕಿವಿಯಿಂದ ಎಲುಬಿನವರೆಗೆ ಈ ಕಡೆ, ಆ ಕಡೆ, ಪಟ್ಟಿಯ ಅಂಚು ಮಾಂಸದಲ್ಲಿ ಹೂತಿದೆ, ಅದರ ಕೆಳಗೆ ಬಿಗಿದು ನಿಂತ ಚರ್ಮ, ಟ್ಯೂಬ್‌ಲೈಟ್ ಅದರಲ್ಲಿ ಕಾಣುತ್ತದೆ, ಉದ್ದಕ್ಕೆ, ಬಿಳಿ, ನುಣ್ಣಗೆ, ಒಂದು ಗೆರೆ ಇಲ್ಲ, ಬಗ್ಗಬಹುದು, ಹೊಳೆಯುತ್ತದೆ, ಒಂದು ಗೆರೆ ಇಲ್ಲ, ಹೊಳೆಯುತ್ತದೆ